ಅಂಗೈ ಸುಲಿದ ಆರು ವಾರ

ಡಾಕ್ಟರು ಏನು ಹೇಳಿದರು ಎಂಬುದಕ್ಕೆ ನಮ್ಮಲ್ಲಿ ಮೂರು ಉತ್ತರಗಳಿವೆ. ಆ ಕೋಣೆಯಲ್ಲಿದ್ದವರು ನಾಲ್ಕೇ ಜನ: ಮೈಸೂರಿನ ಕ್ಯಾನ್ಸರ್ ಡಾಕ್ಟರಮ್ಮ, ನನ್ನ ಸೋದರಮಾವ, ಅವನ ಹೆಂಡತಿ ಅಂದರೆ ನನ್ನ ಅತ್ತೆ, ಮತ್ತು ನಾನು. ಅತ್ತೆ ಇವತ್ತಿಗೂ "ಆರು ತಿಂಗ್ಳು ಅಂದ್ರು" ಎನ್ನುತ್ತಾಳೆ. ಮಾವ "ಎರಡು ಬ್ಯಾರನ್ ಸೀಸನ್ ಅಂದ್ರು" ಎನ್ನುತ್ತಾನೆ. ನನಗೆ ನೆನಪಿರುವುದು "ಲೆಕ್ಕವನ್ನು ತಿಂಗಳಲ್ಲಿ ಹಾಕಬೇಕು, ವರ್ಷದಲ್ಲಿ ಅಲ್ಲ" ಎಂಬ ಮಾತು. ಮೈಸೂರಿನ ಡಾಕ್ಟರು ಆಯಸ್ಸನ್ನು ಬ್ಯಾರನ್ನಿನಲ್ಲಿ ಅಳೆದಿರಲಾರರು, ಹಾಗಾಗಿ ಮಾವನ ಉತ್ತರವನ್ನು ತಳ್ಳಿಹಾಕಬಹುದು. ಆದರೆ ನನ್ನದೂ ನಂಬುವ ಹಾಗಿಲ್ಲ. ಆ ವಾಕ್ಯ ತೀರಾ ನೆಟ್ಟಗಿದೆ, ನಾನು ಕೆ.ಆರ್. ನಗರದ ಕಾಲೇಜಿನಲ್ಲಿ ಬರೆಸುವ ನೋಟ್ಸಿನ ಹಾಗೆ. ಯಾರೂ ಅಷ್ಟು ನೆಟ್ಟಗೆ ಮಾತಾಡುವುದಿಲ್ಲ. ನನ್ನ ನೆನಪು ಅದಕ್ಕೆ ಇಸ್ತ್ರಿ ಹಾಕಿ ಇಟ್ಟುಕೊಂಡಿದೆ.

ಮಾವನನ್ನು ಏಕವಚನದಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಾಕಿದರೆ ಏನೋ ಜಗಳ ಆಗಿದೆ ಎಂದು ಅರ್ಥ.

ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಮನೆ. ಹೊರಗೆ ಒಲೆಯ ಬಾಯಿ, ಒಳಗೆ ನೆಲದ ಮೇಲೆ ಬಿಸಿ ಓಡುವ ತಗಡಿನ ಕೊಳವೆ, ಅದರ ಮೇಲೆ ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ನೇತುಹಾಕಿದ ಹಸಿರೆಲೆ. ಆರೇಳು ದಿನ ಕಾವನ್ನು ಹಂತಹಂತವಾಗಿ ಏರಿಸಿದರೆ ಎಲೆ ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತದೆ. ಮುಂಚೆ ಏರಿಸಿದರೆ ಹಸಿರು ಹಾಗೇ ಉಳಿಯುತ್ತದೆ, ತಡ ಮಾಡಿದರೆ ಕಪ್ಪಗಾಗುತ್ತದೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಮಾವನ ಊರಿನಲ್ಲಿ ಎಲ್ಲರ ಬ್ಯಾರನ್ನಿಗೂ ಥರ್ಮಾಮೀಟರ್ ಇದೆ. ಆದರೂ ಅನುಮಾನ ಬಂದಾಗ ಮಾವನನ್ನು ಕರೆಯುತ್ತಾರೆ. ಅವನು ಕೆಳಸಾಲಿನಿಂದ ಒಂದು ಎಲೆ ಎಳೆದು, ಅಂಗೈ ಮೇಲೆ ಹರಡಿ, ಬೆರಳಿನಲ್ಲಿ ಸವರಿ, ಕಣ್ಣು ಮುಚ್ಚಿ "ನಾಳೆ ಬೆಳಿಗ್ಗೆ ಏರ್ಸು" ಎಂದೋ "ಈಗ್ಲೇ ಸೌದೆ ತುಂಬು" ಎಂದೋ ಹೇಳಿ ಹೋಗುತ್ತಾನೆ. ಕಣ್ಣು ಮುಚ್ಚುತ್ತಿದ್ದನೇ? ಇಲ್ಲ. ಅದನ್ನು ಈಗ ನಾನು ಸೇರಿಸಿದೆ. ಹೊಡೆದು ಹಾಕುವುದಿಲ್ಲ, ಇರಲಿ. ನಾನು ಎಲ್ಲೆಲ್ಲಿ ಸೇರಿಸುತ್ತೇನೆ ಎಂದು ಓದುವವರಿಗೂ ಗೊತ್ತಾಗಲಿ.

ಕಾಯಿಲೆ ಗೊತ್ತಾದದ್ದು ಸಸಿ ನಾಟಿಯ ಹೊತ್ತಿನಲ್ಲಿ. ಊಟ ಸೇರದು, ಬಲಗಡೆ ಪಕ್ಕೆಯ ಕೆಳಗೆ ಭಾರ. ಹುಣಸೂರಿನಲ್ಲಿ ಸ್ಕ್ಯಾನ್ ಮಾಡಿದವರು ಮೈಸೂರಿಗೆ ಬರೆದುಕೊಟ್ಟರು. ಲಿವರ್ ಎಂದ ಕೂಡಲೇ ಊರೆಲ್ಲ ತೀರ್ಮಾನಿಸಿತು: ಗುಟ್ಟಾಗಿ ಕುಡಿಯುತ್ತಿದ್ದ. ಮಾವ ಜೀವಮಾನದಲ್ಲಿ ಹೆಂಡ ಮುಟ್ಟಿದವನಲ್ಲ. ಎಷ್ಟೋ ವರ್ಷ ಹಿಂದೆ ರಕ್ತಕ್ಕೆ ಸೇರಿದ ಕಾಮಾಲೆಯ ವೈರಸ್ಸು ಸದ್ದಿಲ್ಲದೆ ಕೂತು ಮಾಡಿದ ಕೆಲಸ ಇದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಮಾವನಿಗೆ ಕ್ಯಾನ್ಸರಿಗಿಂತ ಆ ಕೆಟ್ಟ ಹೆಸರೇ ಹೆಚ್ಚು ಉರಿಯಿತು.

"ಕುಡ್ದಾದ್ರೂ ಬಂದಿದ್ರೆ ಒಂದ್ ಲೆಕ್ಕ," ಎಂದ. "ಸುಮ್ನೆ ಕುಂತೋನ್ಗೆ ಬತ್ತಲ್ಲ ಕಣವ್ವ."

"ಈಗ್ಲೂ ಟೇಮಿದೆ, ಕುಡೀರಿ," ಎಂದಳು ಅತ್ತೆ. "ಬಂದಿರೋ ಕೆಟ್ಟೆಸ್ರಾದ್ರೂ ನಿಜ ಆಗ್ಲಿ."

ಆಪರೇಷನ್ ಆಗುವುದಿಲ್ಲ, ಗಡ್ಡೆ ಒಂದು ದೊಡ್ಡ ರಕ್ತನಾಳದೊಳಕ್ಕೆ ಕೈಚಾಚಿದೆ, ಟಾರ್ಗೆಟೆಡ್ ಥೆರಪಿ ಎಂಬ ಗುಳಿಗೆ ಶುರು ಮಾಡೋಣ ಎಂದರು ಡಾಕ್ಟರು. ಅದು ಮೈಯನ್ನೆಲ್ಲ ಸುಡುವ ಔಷಧಿಯಲ್ಲ, ಗಡ್ಡೆ ಬೆಳೆಯಲು ಬೇಕಾದ ಸಂದೇಶವನ್ನೂ ಅದಕ್ಕೆ ರಕ್ತ ಹೋಗುವ ದಾರಿಯನ್ನೂ ಹುಡುಕಿ ತಡೆಯುತ್ತದೆ. "ತೂಬು ಮುಚ್ಚಿದಂಗೆ," ಎಂದ ಮಾವ. ಡಾಕ್ಟರು "ಹೂಂ, ಹಾಗೇ ಅಂದುಕೊಳ್ಳಿ" ಎಂದರು. ಇದು ವಾಸಿ ಮಾಡುವುದಿಲ್ಲ, ತಡೆದು ನಿಲ್ಲಿಸುತ್ತದೆ ಎಂದೂ ಹೇಳಿದರು. ಆಮೇಲೆ ಅತ್ತೆ ಕೇಳಿದಳು: ಎಷ್ಟು ದಿನ?

ಮೂರು ಉತ್ತರಗಳು ಹುಟ್ಟಿದ್ದು ಇಲ್ಲಿ. ಆದರೆ ಮುಂದಿನದಕ್ಕೆ ಸಾಕ್ಷಿ ಇದೆ, ಕಾಗದ ಇದೆ. ಡಾಕ್ಟರು ಒಂದು ಬಿಳಿ ಹಾಳೆ ತೆಗೆದುಕೊಂಡು ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಗೆರೆ ಎಳೆದರು. ಈ ಗುಳಿಗೆ ತಗೊಂಡವರನ್ನು ಕಾಲಕಾಲಕ್ಕೆ ಎಣಿಸುತ್ತಾ ಹೋದರೆ ಇಂಥ ಗೆರೆ ಬರುತ್ತದೆ, ಒಂದೊಂದು ಮೆಟ್ಟಿಲೂ ಯಾರೋ ಹೋದದ್ದು.

"ನಾನ್ ಯಾವ ಮೆಟ್ಲು ತಾಯಿ?"

"ಅದು ಈ ಗೆರೆಗೆ ಗೊತ್ತಿಲ್ಲ. ಇದು ಎಲ್ಲರ ಗೆರೆ. ನಿಮ್ಮದು ನನಗೆ ನಿಧಾನವಾಗಿ ಗೊತ್ತಾಗಬೇಕು."

ಹೇಗೆ ಎಂದು ನಾನು ಕೇಳಿದೆ. ಅವರು ಬೆರಳು ಮಡಿಸದೆ, ಮಾವನನ್ನೇ ನೋಡುತ್ತಾ ಹೇಳಿದರು. ಇವರು ಯಾರ ಹೆಗಲೂ ಹಿಡಿಯದೆ ನಡೆದು ಬಂದರು, ಅದು ಲೆಕ್ಕಕ್ಕೆ ಬರುತ್ತದೆ. ಕಣ್ಣು ಹಳದಿ ಆಗಿಲ್ಲ, ಹೊಟ್ಟೆಯಲ್ಲಿ ನೀರು ತುಂಬಿಲ್ಲ, ಉಳಿದಿರುವ ಲಿವರ್ ಇನ್ನೂ ತನ್ನ ಕೆಲಸ ಮಾಡುತ್ತಿದೆ. ರಕ್ತನಾಳದ ವಿಷಯ ಮಾತ್ರ ಚೆನ್ನಾಗಿಲ್ಲ. ರಕ್ತದಲ್ಲಿ ಗಡ್ಡೆ ಬಿಡುವ ಒಂದು ಅಂಶ ಏರಿದೆ, ಗುಳಿಗೆ ಶುರುವಾದ ಮೇಲೆ ಅದು ಇಳಿಯುತ್ತದೋ ಇಲ್ಲವೋ ನೋಡಬೇಕು. ಆರು ವಾರ ಬಿಟ್ಟು ಬನ್ನಿ, ಆಗ ಇವತ್ತಿಗಿಂತ ಚೆನ್ನಾಗಿ ಹೇಳಬಲ್ಲೆ. ಹೀಗೆ ಹೇಳುತ್ತಲೇ ಹಾಳೆಯ ಮೇಲೆ ಅದೂ ಇದೂ ಬರೆದರು.

ಮಾವ ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ಅಡ್ಡ ತಿರುಗಿಸಿ ನೋಡಿದ. "ನೋಡ್ಲೇ," ಎಂದು ಅತ್ತೆಗೆ ತೋರಿಸಿದ. "ನಮ್ ಬ್ಯಾರನ್ ಚಾರ್ಟು." ನಿಜ, ಕಾವು ಏರಿಸುವ ಚಾರ್ಟೂ ಮೆಟ್ಟಿಲು ಮೆಟ್ಟಿಲಾಗಿಯೇ ಇರುತ್ತದೆ, ಮೇಲಕ್ಕೆ. ಡಾಕ್ಟರು ನಕ್ಕರು. ಇಷ್ಟು ಚೆನ್ನಾಗಿ ಹೊಂದುವ ಸಂಗತಿ ಬೇರೆಯವರ ಬರಹದಲ್ಲಿ ಬಂದಿದ್ದರೆ ನಾನು ನಂಬುತ್ತಿರಲಿಲ್ಲ. ಆದರೆ ಹಾಳೆ ಇದೆ. ಮಾವ ಅದನ್ನು ಅಡ್ಡಡ್ಡವಾಗಿಯೇ ಬ್ಯಾರನ್ ಕಿಟಕಿಯ ಪಕ್ಕ, ಥರ್ಮಾಮೀಟರ್ ನೋಡುವ ಜಾಗದಲ್ಲಿ ಮೊಳೆ ಹೊಡೆದು ಹಾಕಿದ. ಹಾಕುವಾಗ ಉದ್ದ ಹೆಚ್ಚಾಯಿತು ಎಂದು ಒಂದು ಅಂಚನ್ನು ಹಿಂದಕ್ಕೆ ಮಡಚಿದ್ದು ನಾನು.

ಗುಳಿಗೆ ಶುರುವಾಯಿತು. ಬೆಳಿಗ್ಗೆ, ಸಂಜೆ, ಖಾಲಿ ಹೊಟ್ಟೆಗೆ, ನುಂಗಿ ಒಂದು ಗಂಟೆ ಏನೂ ತಿನ್ನುವಂತಿಲ್ಲ. ಅಂತರಸಂತೆಯ ತವರಿನಿಂದ ಯಾರೋ ಕಳಿಸಿದ ಬೇರಿನ ಪುಡಿಯನ್ನು ಅತ್ತೆ ಅಟ್ಟದ ಮೇಲೆ ಎಸೆದಳು. "ಎರಡ್ ಒಲೆಗೆ ಒಂದೇ ಪಾತ್ರೆ ಇಡಕ್ಕಾಯ್ತದಾ?" ಎಂದಳು. ನಾನು ಭಾನುವಾರ ಭಾನುವಾರ ಕೆ.ಆರ್. ನಗರದಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಮೊದಲ ಎರಡು ಭಾನುವಾರ ಮಾವನಿಗೆ ಸುಸ್ತು, ಭೇದಿ. ಮೂರನೆಯ ಭಾನುವಾರ ಹೊಲಕ್ಕೆ ಹೋಗಿ ಹೊಗೆಸೊಪ್ಪಿನ ಕುಡಿ ಚಿವುಟಿ ಬಂದಿದ್ದ. ನಾಲ್ಕನೆಯ ಭಾನುವಾರ ಜಗಲಿಯ ಮೇಲೆ ಕೂತು ಎರಡೂ ಕೈ ಚಾಚಿದ್ದ, ಅತ್ತೆ ಹುಣಸೆಹಣ್ಣು ಕಿವುಚಿ ಅವನ ಅಂಗೈ ಉಜ್ಜುತ್ತಿದ್ದಳು.

ಸೊಪ್ಪು ಮುಟ್ಟಿದವರ ಕೈಗೆ ಕರಿ ಅಂಟು ಹತ್ತುತ್ತದೆ. ಸೋಪಿಗೆ ಹೋಗುವುದಿಲ್ಲ, ಹುಳಿಗೆ ಹೋಗುತ್ತದೆ. ಈ ಕಡೆಯ ಪ್ರತಿ ಮನೆಯಲ್ಲೂ ಸೀಸನ್ನಿನಲ್ಲಿ ಹಿತ್ತಿಲ ಕಲ್ಲಿನ ಮೇಲೆ ಹುಣಸೆಹಣ್ಣಿನ ಉಂಡೆ ಇರುತ್ತದೆ. ಮಾವನ ಅಂಗೈ ಕೆಂಪಾಗಿ, ಬೆರಳ ಬುಡದಲ್ಲಿ ಗುಳ್ಳೆ ಎದ್ದು, ಅಲ್ಲಲ್ಲಿ ಸಿಪ್ಪೆ ಸುಲಿದಿತ್ತು.

"ಎಷ್ಟ್ ಉಜ್ಜುದ್ರೂ ಓಯ್ತಿಲ್ಲ," ಎಂದಳು ಅತ್ತೆ. "ಈ ವರ್ಸದ ಅಂಟು ಕೆಟ್ದಾಗಿದೆ."

"ಮೆಲ್ಗೆ ಉಜ್ಜೇ. ಕೈ ನಂದು, ಕಲ್ಲಲ್ಲ," ಎಂದ ಮಾವ.

ನಾನು ನೋಡುತ್ತಾ ನಿಂತಿದ್ದೆ. ಡಾಕ್ಟರು ಕೈಯ ಬಗ್ಗೆ ನಮಗೆ ಏನೂ ಹೇಳಿರಲಿಲ್ಲ, ಹೇಳಿದ್ದರೆ ನನಗೆ ಹೊಳೆಯುತ್ತಿತ್ತು ಎಂದು ಒಂದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಆ ದಿನ ನನಗೆ ವಿಚಿತ್ರ ಅನಿಸಿದ್ದು ಒಂದೇ: ಮನೆಯೊಳಗೂ ಚಪ್ಪಲಿ ಹಾಕಿಕೊಂಡಿದ್ದ, ಹಿಮ್ಮಡಿಯ ಮೇಲೆ ನಡೆಯುತ್ತಿದ್ದ. ಕೇಳಿದ್ದಕ್ಕೆ "ನೆಲ ತಂಡಿ" ಎಂದ.

ಆರು ವಾರ ಮುಗಿಯಿತು. ಅಷ್ಟರಲ್ಲಿ ಸೊಪ್ಪು ಮುರಿಯುವ ಕೆಲಸ ಶುರುವಾಗಿತ್ತು, ಮುಂದಿನ ವಾರವೇ ಮೊದಲ ಬ್ಯಾರನ್ ತುಂಬಬೇಕು. ಮೈಸೂರಿನಲ್ಲಿ ಡಾಕ್ಟರು ರಕ್ತದ ರಿಪೋರ್ಟನ್ನು ಎರಡು ಸಲ ನೋಡಿದರು. ಇಳಿದಿದೆ, ಆದರೆ ನಾನು ಅಂದುಕೊಂಡಷ್ಟು ಇಲ್ಲ ಎಂದರು. ಮಾವ ಕೈಗಳನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡು ಕೂತಿದ್ದ.

"ಕೈ ತೋರಿಸಿ."

"ಸೊಪ್ಪಿನ್ ಅಂಟು ತಾಯಿ, ಅದೇನ್ ನೋಡೀರಿ."

ಅವರು ತಾವೇ ಟವೆಲ್ ಸರಿಸಿದರು. ಅಂಗೈ ತಿರುಗಿಸಿ ನೋಡಿದರು. ಚಪ್ಪಲಿ ಬಿಡಿಸಿ ಪಾದವನ್ನೂ ನೋಡಿದರು. ಆಗ ಅವರ ಮುಖದಲ್ಲಿ ಒಂದು ನಗು ಬಂತು ಎಂದು ನನ್ನ ನೆನಪು, ನಗಲಿಲ್ಲ ಎಂದು ಅತ್ತೆಯದು. "ಅಂಟು ಕೈಗೆ ಹತ್ತುತ್ತೆ, ಕಾಲಿಗೂ ಹತ್ತುತ್ತಾ?" ಎಂದರು. "ಇದು ನನ್ನ ಗುಳಿಗೆ ಮಾಡಿದ್ದು. ಹೀಗೆ ಅಂಗೈ, ಅಂಗಾಲು ಸುಲಿದವರಲ್ಲಿ ಗುಳಿಗೆ ಚೆನ್ನಾಗಿ ಹಿಡಿದಿರೋದನ್ನ ಎಷ್ಟೋ ಸಲ ನೋಡಿದ್ದೀವಿ. ಖಾತ್ರಿ ಅಂತ ಹೇಳಲ್ಲ, ಗುರುತು ಅಷ್ಟೆ. ಆದರೆ ಒಳ್ಳೇ ಗುರುತು. ರಿಪೋರ್ಟು ಮಾತ್ರ ಇದಕ್ಕೆ ತಾಳೆ ಆಗ್ತಿಲ್ಲ." ಆಮೇಲೆ ಕೇಳಿದರು: "ಗುಳಿಗೆ ತಗೊಳ್ತಿದ್ದೀರಾ?"

ಅತ್ತೆ "ದಿನಾ ನಾನೇ ಕೊಡ್ತೀನಿ" ಎಂದಳು. ಮಾವ ಟವೆಲ್ಲನ್ನು ಮತ್ತೆ ಕೈ ಮೇಲೆ ಎಳೆದುಕೊಂಡ.

"ನಿಮ್ಮನ್ನೇ ಕೇಳಿದ್ದು."

"ಅನ್ನೊಂದ್ ದಿನದಿಂದ ನುಂಗಿಲ್ಲ," ಎಂದ. "ಬ್ಯಾರನ್ ಕಿಟಕೀಲಿ ಇಟ್ಟಿವ್ನಿ. ಎಸ್ದಿಲ್ಲ."

ಅವನಿಗೆ ಗೊತ್ತಿತ್ತು. ಕಾಲಲ್ಲೂ ಗುಳ್ಳೆ ಎದ್ದಾಗಲೇ ಇದು ಅಂಟಲ್ಲ ಎಂದು ಗೊತ್ತಾಗಿತ್ತು. ಆದರೂ ಹೆಂಡತಿ ಹುಣಸೆಹಣ್ಣು ಹಾಕಿ ಉಜ್ಜುವುದನ್ನು ಹಲ್ಲು ಕಚ್ಚಿ ಸಹಿಸಿದ್ದ, ಇದು ಗುಳಿಗೆಯ ಕೆಲಸ ಎಂದು ಬಾಯಿ ಬಿಟ್ಟರೆ ಗುಳಿಗೆ ಬಿಟ್ಟದ್ದೂ ಹೊರಬೀಳುತ್ತದೆ ಎಂದು. ಬ್ಯಾರನ್ ತುಂಬುವ ಹೊತ್ತಿಗೆ ಅವನಿಗೆ ಕೈ ವಾಪಸ್ಸು ಬೇಕಿತ್ತು. ಸುಲಿದ ಅಂಗೈಗೆ ಎಲೆ ಬರೀ ಉರಿ, ಹದ ಗೊತ್ತಾಗುವುದಿಲ್ಲ.

ಡಾಕ್ಟರು ಸಿಟ್ಟಾದರು. ಸಿಟ್ಟಾದಾಗಲೂ ಧ್ವನಿ ಏರಿಸಲಿಲ್ಲ. ಕೈ ಸುಲಿದರೆ ನನಗೆ ಹೇಳಬೇಕಿತ್ತು, ನಾನೇ ಎರಡು ದಿನ ನಿಲ್ಲಿಸಿ ಡೋಸ್ ಇಳಿಸಿ ಮತ್ತೆ ಕೊಡುತ್ತಿದ್ದೆ. ನೀವೇ ಬಿಟ್ಟಿದ್ದರಿಂದ ಈಗ ಈ ರಿಪೋರ್ಟು ಗುಳಿಗೆಯ ಬಗ್ಗೆ ಹೇಳುತ್ತಿದೆಯೋ ಗುಳಿಗೆ ಬಿಟ್ಟದ್ದರ ಬಗ್ಗೆಯೋ ನನಗೆ ತಿಳಿಯುತ್ತಿಲ್ಲ. ನಿಮ್ಮ ಗೆರೆ ಎಳೆಯೋಕೆ ಕೂತಿದ್ದೆ, ನೀವು ಕೈ ತಳ್ಳಿಬಿಟ್ಟಿರಿ ಎಂದರು.

"ಮೂರ್ನೇ ದಿನಕ್ಕೇ ಬ್ಯಾರನ್ ಬೆಂಕಿ ಆರ್ಸಿದಂಗಾಯ್ತು," ಎಂದ ಮಾವ ನೆಲ ನೋಡುತ್ತಾ.

ಡೋಸ್ ಇಳಿಸಿದರು. ಮುಲಾಮು ಬರೆದರು, ಹತ್ತಿಯ ಕಾಲುಚೀಲ ಹೇಳಿದರು, ಹುಣಸೆಹಣ್ಣನ್ನು ಸಾರಿಗೆ ಮಾತ್ರ ಬಳಸಿ ಎಂದರು. ಮತ್ತೆ ಆರು ವಾರ. ಆದರೆ ಮಾವ ತಗೊಳ್ಳುತ್ತೇನೆ ಎಂದು ಮಾತು ಕೊಡಲಿಲ್ಲ. ಬಸ್ಸಿನಲ್ಲಿ ಬಿಳಿಕೆರೆ ದಾಟಿದ ಮೇಲೆ ಬಾಯಿ ಬಿಟ್ಟ.

"ನುಂಗುದ್ರೆ ಕೈ ಓಯ್ತದೆ, ಬುಟ್ರೆ ಆಳೇ ಓಯ್ತನೆ. ನೀನ್ ಓದಿರೋಳು, ಯಾವ್ದ್ ಮೊದ್ಲು ಓಗ್ಲಿ ಯೋಳು."

"ಕೈ," ಎಂದೆ.

"ನಿಂಗೇನು, ಪೆನ್ ಇಡ್ಯೋ ಕೈ."

ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಹುಣಸೂರು ಬರುವವರೆಗೂ ಅವನ ಜೊತೆ ಮಾತಾಡಲಿಲ್ಲ. ಇಳಿಯುವಾಗ ಮಾತ್ರ "ಅನ್ನೊಂದ್ ದಿನ ಕೈಯ್ಯಾರೆ ಕೊಟ್ಟಿವ್ನಿ, ಅನ್ನೊಂದ್ ದಿನ ಬಾಯಲ್ಲಿಟ್ಕೊಂಡು ಬ್ಯಾರನ್‌ಗೆ ಓಗಿ ಉಗ್ದಿಟ್ಟವ್ರೆ" ಎಂದು ನನಗೆ ಹೇಳಿದಳು, ಅವನಿಗೆ ಕೇಳಲಿ ಎಂದು.

ಆ ವಾರ ಹೊಸ ಗುಳಿಗೆಯ ಪಟ್ಟಿಯನ್ನು ಬ್ಯಾರನ್ ಕಿಟಕಿಯಲ್ಲಿಟ್ಟವನು ಮತ್ತೆ ಮುಟ್ಟಲಿಲ್ಲ. ಮೊದಲ ಬ್ಯಾರನ್ ಇಳಿಸಿದ ಮೇಲೆ ನೋಡೋಣ ಎಂದ. ಬ್ಯಾರನ್ ತುಂಬಿ ನಾಲ್ಕನೆಯ ದಿನ ಭಾನುವಾರ, ನಾನು ಅಲ್ಲಿದ್ದೆ. ಮಟಮಟ ಮಧ್ಯಾಹ್ನ. ಮಾವ ಕೆಳಬಾಗಿಲು ತೆಗೆದು ಒಳಗೆ ಬಗ್ಗಿ ಒಂದು ಎಲೆ ಎಳೆದ. ಅಂಗೈ ಮೇಲೆ ಹರಡಿದ. ಬೆರಳಾಡಿಸಿದ. ಮುಖ ಕಿವುಚಿದ. ಇನ್ನೊಂದು ಎಲೆ ಎಳೆದ. ಹೊಸ ಚರ್ಮ ಈಗಷ್ಟೇ ಬರುತ್ತಿತ್ತು, ಗುಲಾಬಿ ಬಣ್ಣದ್ದು, ಮಗುವಿನ ಚರ್ಮದಂಥದ್ದು. ಗುಳಿಗೆ ಬಿಟ್ಟರೂ ಕೈ ವಾಪಸ್ಸು ಬಂದಿರಲಿಲ್ಲ. ಐದನೆಯ ಎಲೆಗೆ ಸುಮ್ಮನೆ ಹೊಸ್ತಿಲ ಮೇಲೆ ಕೂತುಬಿಟ್ಟ.

"ಗೊತ್ತಾಯ್ತಿಲ್ಲ," ಎಂದ. ಆ ಮಾತನ್ನು ಅವನ ಬಾಯಲ್ಲಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅತ್ತೆ ಹೊರಗೆ ಕಡ್ಡಿ ಜೋಡಿಸುತ್ತಿದ್ದಳು. ಎದ್ದು ಬಂದು, ಅವನ ಕೈಯಿಂದ ಎಲೆ ಕಿತ್ತುಕೊಂಡು, ಕೆನ್ನೆಗೆ ಒತ್ತಿಕೊಂಡಳು. ತುಟಿಯ ಕೆಳಗೆ ಒಂದು ಸಲ ಸವರಿದಳು. "ದಂಟಲ್ಲಿ ಇನ್ನೂ ನೀರದೆ. ಸಂಜೆಗೆ ಏರ್ಸಿ," ಎಂದು ಎಲೆ ವಾಪಸ್ಸು ಕೊಟ್ಟು ಹೋಗಿ ಕೂತಳು.

ಮಾವ ಅವಳನ್ನೇ ನೋಡಿದ. "ಲೇ, ಅದೇನೇ ಅದು?"

"ಏನು?"

"ಕೆನ್ನೆಗಿಟ್ಕಂಡ್ಯಲ್ಲ."

"ಸೊಪ್ಪು ಬಿಡ್ಸಿ ಬಿಡ್ಸಿ ನಮ್ ಕೈ ಕಲ್ಲಾಗಿ ಯಾವ ಕಾಲ ಆಯ್ತು. ಗ್ರೇಡ್ ಮಾಡೋ ಎಂಗಸ್ರೆಲ್ಲ ಕೆನ್ನೇಲೇ ನೋಡದು. ಕೆನ್ನೆ ಕೆಲ್ಸ ಮಾಡಲ್ವಲ್ಲ, ಅದು ಮೆತ್ಗೆ ಇರ್ತದೆ."

"ಮೂವತ್ ವರ್ಸದಲ್ಲಿ ಒಂದಪ ಯೋಳ್ನಿಲ್ಲ?"

"ನೀವ್ ಒಂದಪನಾದ್ರೂ ಕೇಳುದ್ರಾ?"

ಅವನು ಎಲೆಯನ್ನು ಕೆನ್ನೆಗಿಟ್ಟುಕೊಂಡ. ಮೂರು ದಿನದ ಕುರುಚಲು ಗಡ್ಡ, ಏನು ತಿಳಿದೀತು. ಅತ್ತೆ ನಕ್ಕಳು, ವಾರದಲ್ಲಿ ಮೊದಲ ಸಲ. "ಓಗಿ ಕೆರ್ಕೊಂಡ್ ಬನ್ನಿ" ಎಂದಳು. ಅವನು ನಿಜವಾಗಿ ಹೋಗಿ ಗಡ್ಡ ಕೆರೆದುಕೊಂಡು ಬಂದ. ಬಂದು, ಎಲೆಯನ್ನು ಎರಡೂ ಕೆನ್ನೆಗೆ ಇಟ್ಟು ನೋಡಿ, "ಗೊತ್ತಾಯ್ತದೆ, ಗೊತ್ತಾಯ್ತದೆ ಕಣೇ" ಎಂದ. ಆಮೇಲೆ ಕಿಟಕಿಯಲ್ಲಿದ್ದ ಪಟ್ಟಿಯಿಂದ ಒಂದು ಗುಳಿಗೆ ಒತ್ತಿ ತೆಗೆದು ನೀರು ಕೇಳಿದ. ಈ ಎರಡು ಸಂಗತಿ ಒಂದರ ಹಿಂದೆ ಒಂದು ನಡೆದವೇ, ಅಥವಾ ನಡುವೆ ಊಟ, ನಿದ್ದೆ, ಒಂದು ಜಗಳ ಇತ್ತೇ, ನಾನು ಆಣೆ ಮಾಡಲಾರೆ. ಸಂಜೆಯ ಬಸ್ಸು ಹತ್ತುವ ಮುಂಚೆ ನುಂಗಿದ್ದನ್ನು ಕಣ್ಣಾರೆ ಕಂಡೆ. ಅಷ್ಟು ಗಟ್ಟಿ.

ಅಂದಿನಿಂದ ಬಿಟ್ಟಿಲ್ಲ. ಅಂಗೈ ಮತ್ತೆ ಸುಲಿಯಿತು, ಡಾಕ್ಟರಿಗೆ ಫೋನ್ ಹೋಯಿತು, ಎರಡು ದಿನ ನಿಂತಿತು, ಮತ್ತೆ ಶುರುವಾಯಿತು. ಮುಂದಿನ ರಿಪೋರ್ಟಿನಲ್ಲಿ ರಕ್ತದ ಅಂಶ ಚೆನ್ನಾಗಿ ಇಳಿದಿತ್ತು. ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಿರಲಿಲ್ಲ. ಮಾವ ಈಗ ಊರಿನಲ್ಲಿ ಅಂಗೈ ತೋರಿಸಿಕೊಂಡು ತಿರುಗುತ್ತಾನೆ, "ನೋಡ್ಲಾ, ಎಂಗೆ ಇಡ್ದದೆ ಗುಳ್ಗೆ. ಕುಡ್ದೋನ್ ಕೈ ಇಂಗಿರ್ತದಾ?" ಬೇರೆಯವರ ಬ್ಯಾರನ್ನಿಗೆ ಕರೆದರೆ ಅತ್ತೆಯನ್ನೂ ಕರೆದುಕೊಂಡು ಹೋಗುತ್ತಾನೆ. ಇಬ್ಬರೂ ಬಾಗಿಲಲ್ಲಿ ನಿಂತು ಕೆನ್ನೆಗೆ ಎಲೆ ಒತ್ತಿಕೊಂಡು ಮುಖ ಮುಖ ನೋಡುವುದನ್ನು ಕಂಡರೆ ಹೊಸಬರಿಗೆ ಏನನಿಸಬೇಕೋ.

ಅತ್ತೆಯ ಆರು ತಿಂಗಳು ದಾಟಿತು. ನನ್ನ ನೆಟ್ಟಗಿನ ವಾಕ್ಯವೂ ದಾಟಿತು. ಮಾವನ ಎರಡನೆಯ ಬ್ಯಾರನ್ ಸೀಸನ್ ಈಗ ನಡೆಯುತ್ತಿದೆ. ಹೋದ ತಿಂಗಳು ಡಾಕ್ಟರನ್ನು ಕೇಳಿದೆ: ಹಾಗಾದರೆ ನಿಮ್ಮ ಲೆಕ್ಕ ತಪ್ಪಾಯಿತೇ? ಇಲ್ಲ ಎಂದರು, ಯಾವ ಸಂಕೋಚವೂ ಇಲ್ಲದೆ. ಮೊದಲ ದಿನ ಹೇಳಿದ್ದು ಮೊದಲ ದಿನ ಗೊತ್ತಿದ್ದರಿಂದ. ಇಷ್ಟು ದೂರ ಬಂದವರಿಗೆ ಆ ಗೆರೆಯನ್ನು ಮೊದಲಿನಿಂದ ಓದಬಾರದು, ಇವತ್ತು ನಿಂತಿರುವ ಕಡೆಯಿಂದ ಹೊಸದಾಗಿ ಎಳೆಯಬೇಕು. ಒಂದು ದಿನ ಈ ಗುಳಿಗೆಗೆ ಗಡ್ಡೆ ಬಗ್ಗದಿರಬಹುದು, ಆಗ ಬೇರೆ ಗುಳಿಗೆ ಇದೆ, ಅದನ್ನೂ ಹೀಗೇ ನೋಡೋಣ. ಹೊಸ ಗೆರೆ ಎಳೆದುಕೊಡಲೇ ಎಂದು ಕೇಳಿದರು. ಮಾವ "ಬ್ಯಾಡಿ ತಾಯಿ, ಗೋಡೇಲಿ ಜಾಗ ಇಲ್ಲ" ಎಂದ. ಅತ್ತೆ "ಎಳೀರಿ, ನಂಗ್ ಬೇಕು" ಎಂದಳು. ಎಳೆದುಕೊಟ್ಟರು. ಅದು ಅತ್ತೆಯ ಸೀರೆ ಪೆಟ್ಟಿಗೆಯಲ್ಲಿದೆ, ನನಗೂ ತೋರಿಸಿಲ್ಲ.

ಇದನ್ನು ಬರೆಯಲು ಕೂತಾಗ ಹಳೆಯ ಹಾಳೆಯನ್ನು ಒಮ್ಮೆ ಸರಿಯಾಗಿ ನೋಡಬೇಕು ಅನಿಸಿ, ಮೊನ್ನೆ ಭಾನುವಾರ ಮೊಳೆ ಕಿತ್ತು ಇಳಿಸಿದೆ. ಕಾವಿಗೆ ಕಂದಿ ಗರಿಗರಿ ಆಗಿತ್ತು. ನಾನು ಮಡಚಿದ್ದ ಅಂಚನ್ನು ಬಿಡಿಸಿದೆ. ಅಲ್ಲಿ ಡಾಕ್ಟರ ಅಕ್ಷರದಲ್ಲಿ, ಕನ್ನಡದಲ್ಲೇ, ಕೆಳಗೆ ಎರಡು ಗೆರೆ ಎಳೆದು ಬರೆದಿತ್ತು: ಅಂಗೈ, ಅಂಗಾಲು ಕೆಂಪಾದರೆ ಕೂಡಲೇ ಫೋನ್ ಮಾಡಿ.

ಹಾಳೆ ಹಿಡಿದು ಅತ್ತೆಯ ಹತ್ತಿರ ಹೋದೆ. ಓದಿ ಹೇಳಿದೆ. ಡಾಕ್ಟರು ಹೇಳಿದ್ದರು, ಬರೆದೂ ಕೊಟ್ಟಿದ್ದರು, ಮಡಚಿದವಳು ನಾನು ಎಂದೆ. ಅವಳು ರಾಗಿ ಮುದ್ದೆ ತಿರುವುತ್ತಿದ್ದಳು.

"ನೀನ್ ಮಡಚ್ದೆ, ನಾನ್ ಉಜ್ದೆ, ಅವ್ರು ಉಗುದ್ರು," ಎಂದಳು ಕೋಲು ನಿಲ್ಲಿಸದೆ. "ಬುಡು. ಈಗ ಮಡಚ್ಬ್ಯಾಡ, ಅಂಗೇ ನೇತಾಕು."

ಬ್ಯಾರನ್ ಕಡೆಯಿಂದ ಮಾವ ಬಂದ. ಐದನೆಯ ದಿನದ ಎಲೆಯ ಬಗ್ಗೆ ಇಬ್ಬರಿಗೂ ಬೆಳಗಿನಿಂದ ವಾದ ನಡೆದಿತ್ತು. ಕಾವು ನಾಳೆ ಏರಿಸೋಣ ಎಂದು ಅವನು, ಇವತ್ತೇ ಎಂದು ಅವಳು. "ನೀನ್ ಯೋಳಿದ್ದೇ ಸರಿ, ಒಣಗ್ಬುಟ್ಟದೆ" ಎಂದು ಗೊಣಗುತ್ತಾ ತಟ್ಟೆಯ ಮುಂದೆ ಕೂತ. ಅವಳು ತಟ್ಟೆಯನ್ನು ಹಿಂದಕ್ಕೆ ಎಳೆದಳು.

"ಗುಳ್ಗೆ ಎಷ್ಟೊತ್ಗೆ ನುಂಗುದ್ರಿ?"

"ಆಗ್ಲೇ."

"ಆಗ್ಲೇ ಅಂದ್ರೆ?"

ಅವನು ನನ್ನ ಕಡೆ ನೋಡಿದ. ಈ ಸಲ ನಾನು ಗಡಿಯಾರ ನೋಡಿಟ್ಟುಕೊಂಡಿದ್ದೆ.

"ಇನ್ನೂ ಇಪ್ಪತ್ತು ನಿಮಿಷ, ಮಾವ."

"ನೀನೂ ಅವಳ್ ಕಡೆನಾ," ಎಂದು ಗೋಡೆಗೆ ಒರಗಿ, ಸುಲಿದ ಅಂಗೈಗಳಿಗೆ ಮುಲಾಮು ಹಚ್ಚಿಕೊಳ್ಳುತ್ತಾ ಕಾದ.